ಚಿಕ್ಕ ಕೈಗೆ ಒಗ್ಗುವ ರೋಡ್ ಬೈಕ್ ಶಿಫ್ಟರ್, ಬ್ರೇಕ್ ಯಾವುದು? ಇಳಿಜಾರಿನಲ್ಲಿ ಬೆರಳು ಸೋಲುತ್ತಿದೆ

ಪುಟ್ಟಗಾಲಿ, ಬೆಂಗಳೂರು

ನನ್ನ ಎತ್ತರ ಐದು ಅಡಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಅಳೆದರೆ ಕೈ 16 ಸೆಂ.ಮೀ. ಮುಟ್ಟುವುದಿಲ್ಲ. ಹಲವು ವರ್ಷ ನೇರ ಹ್ಯಾಂಡಲಿನ ಸೈಕಲ್ ಓಡಿಸಿ, ಈಗ ಬಾಗಿದ ಹ್ಯಾಂಡಲಿನ ರೋಡ್ ಬೈಕ್ ಒಂದನ್ನು ಬಳಸಿದವರಿಂದ ಕೊಂಡಿದ್ದೇನೆ. ಫ್ರೇಮ್ ಚಿಕ್ಕದೇ, ಕಾಲಿಗೂ ಬೆನ್ನಿಗೂ ಹೊಂದಿದೆ. ಶಿಮಾನೊ ಟಿಯಾಗ್ರಾ 4700 ಶಿಫ್ಟರ್ (ಬ್ರೇಕ್ ಲಿವರಿನಲ್ಲೇ ಗೇರ್ ಬದಲಿಸುವ ಸಾಧನ), ಹಿಂದೆ ಹತ್ತು ಗೇರ್, ಮುಂದೆ 50 ಮತ್ತು 34 ಹಲ್ಲಿನ ಎರಡು ಚೈನ್‌ರಿಂಗ್ (ಹಲ್ಲುಚಕ್ರ), ಗಾಲಿಯ ಅಂಚನ್ನು ಹಿಡಿಯುವ ರಿಮ್ ಬ್ರೇಕ್. ರಿಮ್ಮಿಗೆ ಪ್ಯಾಡ್ ಒತ್ತುವ ಕ್ಯಾಲಿಪರ್ ಮಾತ್ರ ಹೆಸರೇ ಇಲ್ಲದ ಯಾವುದೋ ಒಂದು.

ಹತ್ತುವಾಗ ದೂರಿಲ್ಲ. ನಂದಿ ಬೆಟ್ಟದಿಂದ ಇಳಿಯುವಾಗ ಹುಡ್ (ಲಿವರಿನ ಮೇಲಿನ ರಬ್ಬರ್ ಹೊದಿಕೆಯ ಹಿಡಿಕೆ) ಮೇಲೆ ಕೈಯಿಟ್ಟರೆ ತೋರುಬೆರಳಿನ ತುದಿಯಷ್ಟೇ ಲಿವರಿಗೆ ತಾಗುತ್ತದೆ. ಹ್ಯಾಂಡಲಿನ ಕೆಳಗಿನ ಬಾಗಿದ ಭಾಗ, ಅಂದರೆ ಡ್ರಾಪ್, ಹಿಡಿದರೆ ಲಿವರ್ ಇನ್ನೂ ದೂರ; ಮುಟ್ಟಬೇಕಾದರೆ ಅಂಗೈಯನ್ನೇ ಹ್ಯಾಂಡಲಿನಿಂದ ಎತ್ತಬೇಕು. ತಿರುವುಗಳು ಮುಗಿಯುವ ಹೊತ್ತಿಗೆ ಹೆಬ್ಬೆರಳಿನ ಬುಡದಿಂದ ಮೊಳಕೈವರೆಗೆ ಸೆಳೆತ. ಎಡಗಡೆಯ ಶಿಫ್ಟರಿನಲ್ಲಿ ದೊಡ್ಡ ಚೈನ್‌ರಿಂಗಿಗೆ ಏರಿಸಲು ಇಡೀ ಮಣಿಕಟ್ಟನ್ನೇ ತಿರುಗಿಸುತ್ತೇನೆ.

ಅಂಗಡಿಯಲ್ಲಿ ಕೇಳಿದರೆ “ಅಭ್ಯಾಸವಾಗುತ್ತದೆ ಮೇಡಂ” ಎಂದರು. ಬೆರಳು ಉದ್ದವಾಗುವ ಅಭ್ಯಾಸ ಯಾವುದೆಂದು ಕೇಳಬೇಕೆನಿಸಿತು, ಕೇಳಲಿಲ್ಲ. ಶಿಫ್ಟರುಗಳನ್ನೇ ಬದಲಾಯಿಸಬೇಕೆ? ಬದಲಾಯಿಸುವುದಾದರೆ ಯಾವುದು? ಚಿಕ್ಕ ಕೈಯವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ವೇಗದೂತ, ಬೆಂಗಳೂರು

ಎಲೆಕ್ಟ್ರಾನಿಕ್ ಗೇರ್ ಹಾಕಿಸಿ. ಶಿಮಾನೊ ಕಂಪನಿಯ ಡಿಐ2 ಆಗಲಿ, ಸ್ರ್ಯಾಮ್ ಕಂಪನಿಯದಾಗಲಿ, ಗುಂಡಿ ಒತ್ತಿದರೆ ಸಾಕು. ಮುಗಿಯಿತು.

ಸ್ಪ್ಯಾನರ್‌ಸ್ವಾಮಿ, ಮೈಸೂರು

ಮುಗಿಯಲಿಲ್ಲ. ಡಿಐ2 ಗೇರಿನ ನೋವು ಕಳೆಯುತ್ತದೆ. ಈ ಅಕ್ಕನ ಮುಖ್ಯ ದೂರು ಬ್ರೇಕಿನದು. ಲಿವರ್ ದೂರ ಇದ್ದರೆ ಗುಂಡಿ ಎಷ್ಟು ಮೆತ್ತಗಿದ್ದರೇನು? ಹಣ ಖರ್ಚು ಮಾಡುವ ಮುಂಚೆ ಸ್ಕ್ರೂಡ್ರೈವರ್ ಮತ್ತು ಅಲೆನ್ ಕೀಲಿ ಹಿಡಿದು ಕುಳಿತರೆ ಅರ್ಧ ಕೆಲಸ ಆಗುತ್ತದೆ. ಚಾಮುಂಡಿ ಬೆಟ್ಟದ ಬುಡದಲ್ಲಿ ರಿಪೇರಿ ಮಾಡುವವನು ನಾನು, ಭಾನುವಾರ ಬೆಳಿಗ್ಗೆ ಇದೇ ದೂರು ಹೊತ್ತು ಬರುವವರನ್ನು ನೋಡುತ್ತಲೇ ಇರುತ್ತೇನೆ.

ಮೊದಲು ಹ್ಯಾಂಡಲ್ ನೋಡಿ. ಹ್ಯಾಂಡಲಿನ ಮೇಲ್ಭಾಗದಿಂದ ಮುಂದಕ್ಕೆ ಎಷ್ಟು ಚಾಚಿದೆ ಎಂಬುದಕ್ಕೆ ರೀಚ್ ಎನ್ನುತ್ತಾರೆ, ಕೆಳಕ್ಕೆ ಎಷ್ಟು ಇಳಿದಿದೆ ಎಂಬುದಕ್ಕೆ ಡ್ರಾಪ್; ಆ ಬಾಗಿದ ಭಾಗಕ್ಕೂ ಡ್ರಾಪ್ ಎಂದೇ ಹೆಸರು. ಈಗಿನ ಕಾಂಪ್ಯಾಕ್ಟ್ ಹ್ಯಾಂಡಲುಗಳಲ್ಲಿ ರೀಚ್ 70ರಿಂದ 80 ಮಿ.ಮೀ., ಡ್ರಾಪ್ ಸುಮಾರು 125 ಮಿ.ಮೀ. ಇರುತ್ತದೆ. ಹಳೆಯ ಮಾದರಿಗಳಲ್ಲಿ ಎರಡೂ ಹೆಚ್ಚು. ಬಾಗಿದ ಭಾಗ ದೊಡ್ಡದಾಗಿದ್ದಷ್ಟೂ ಡ್ರಾಪ್ ಹಿಡಿದ ಕೈಯಿಂದ ಲಿವರ್ ದೂರ ಹೋಗುತ್ತದೆ. ನಿಮ್ಮ ಫ್ರೇಮ್ ಚಿಕ್ಕದಾದರೂ ಹ್ಯಾಂಡಲ್ ಚಿಕ್ಕದಲ್ಲದಿರಬಹುದು. ಬಳಸಿದ ಸೈಕಲ್ ಎಂದರೆ ಹಿಂದಿನವರು ತಮಗೆ ಬೇಕಾದದ್ದನ್ನು ಕೂರಿಸಿರುತ್ತಾರೆ.

ಆಮೇಲೆ ಲಿವರ್ ಎಲ್ಲಿ ಕೂತಿದೆ ಎಂದು ನೋಡಿ. ಹುಡ್ ಮುಂದಕ್ಕೆ ಬಾಗಿ ಮೂತಿ ಕೆಳಗೆ ಮಾಡಿದ್ದರೆ ಅಂಗೈ ಜಾರುತ್ತದೆ, ಜಾರುವ ಅಂಗೈಯನ್ನು ತಡೆಯಲು ಬೆರಳುಗಳು ಬಿಗಿಯುತ್ತವೆ, ಬ್ರೇಕ್ ಹಿಡಿಯಲು ಉಳಿಯುವುದು ಒಂದೇ ಬೆರಳು. ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್‌ನ ಬೋಲ್ಟ್ ಸಡಿಲಿಸಿ ಹ್ಯಾಂಡಲನ್ನು ಸ್ವಲ್ಪ ಮೇಲಕ್ಕೆ ತಿರುಗಿಸಿ ನೋಡಲು ಐದು ನಿಮಿಷ ಸಾಕು. ಲಿವರನ್ನೇ ಸರಿಸಬೇಕಾದರೆ ಹ್ಯಾಂಡಲಿನ ಟೇಪ್ ಬಿಚ್ಚಬೇಕು. ಬೋಲ್ಟ್ ಮತ್ತೆ ಬಿಗಿಯುವಾಗ ಸ್ಟೆಮ್ ಮೇಲೆ ಬರೆದಿರುವ ಟಾರ್ಕ್ (ಬಿಗಿಯುವ ಬಲದ ಮಿತಿ) ಮೀರಬೇಡಿ, ಕಾರ್ಬನ್ ಹ್ಯಾಂಡಲ್ ಆದರಂತೂ ಬೇಡವೇ ಬೇಡ.

ಕೊನೆಗೆ, ಯಾರೂ ನಿಮಗೆ ಹೇಳದೆ ಬಿಟ್ಟ ವಿಷಯ. ನಿಮ್ಮ ಟಿಯಾಗ್ರಾ 4700 ಲಿವರಿನಲ್ಲಿ ರೀಚ್, ಅಂದರೆ ಇಲ್ಲಿ ಹ್ಯಾಂಡಲಿನಿಂದ ಲಿವರಿನ ದೂರ, ಹೊಂದಿಸುವ ಚಿಕ್ಕ ಸ್ಕ್ರೂ ಇದೆ. ಅದನ್ನು ತಿರುಗಿಸಿದರೆ ಇಡೀ ಲಿವರ್ ಹ್ಯಾಂಡಲಿನ ಕಡೆಗೆ ಬರುತ್ತದೆ. ಅದಕ್ಕೂ ಹಿಂದಿನ ಹಲವು ಮಾದರಿಗಳಲ್ಲಿ ಸ್ಕ್ರೂ ಬದಲು ಲಿವರಿನ ಬುಡಕ್ಕೆ ಸಿಕ್ಕಿಸುವ ರಬ್ಬರ್ ಬಿಲ್ಲೆ ಕೊಡುತ್ತಿದ್ದರು. ಸ್ಕ್ರೂ ಎಲ್ಲಿದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಶಿಮಾನೊ ತನ್ನ ಡೀಲರ್ ಕೈಪಿಡಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ, ಚಿತ್ರ ನೋಡಿ ಮಾಡಿ.

ಆದರೆ ಎಚ್ಚರ. ಲಿವರ್ ಒಳಗೆ ಬಂದಷ್ಟೂ ಅದು ಚಲಿಸುವ ದೂರ ಕಡಿಮೆಯಾಗುತ್ತದೆ. ಬ್ರೇಕ್ ಪೂರ್ತಿ ಹಿಡಿಯುವ ಮೊದಲೇ ಲಿವರ್ ಹ್ಯಾಂಡಲಿಗೆ ಬಡಿದರೆ ಅದು ಬ್ರೇಕ್ ಅಲ್ಲ, ಅಲಂಕಾರ. ಸ್ಕ್ರೂ ತಿರುಗಿಸಿದ ಮೇಲೆ ಕೇಬಲ್ ಬಿಗಿಮಾಡಿ ಪ್ಯಾಡುಗಳನ್ನು ರಿಮ್ಮಿಗೆ ಹತ್ತಿರ ತರಬೇಕು. ರಿಮ್ ಓಲಾಡುತ್ತಿದ್ದರೆ ಪ್ಯಾಡ್ ಉಜ್ಜುತ್ತದೆ, ಆದ್ದರಿಂದ ಚಕ್ರವನ್ನು ಮೊದಲು ನೇರ ಮಾಡಿಸಿ. ಗೇರ್ ಹಾಕುವಾಗ ಲಿವರಿನ ತುದಿ ಹ್ಯಾಂಡಲಿಗೆ ತಾಗುತ್ತದೆಯೇ ಎಂದೂ ಡ್ರಾಪ್ ಹಿಡಿದು ಪರೀಕ್ಷಿಸಿ. ಸೈಕಲನ್ನು ನಿಲ್ಲಿಸಿಕೊಂಡೇ ಇದೆಲ್ಲ, ನಂದಿಯ ಮೇಲಲ್ಲ.

ಹಳೆಯಅಟ್ಲಾಸ್, ದಾವಣಗೆರೆ

ನಮ್ಮ ಕಾಲದಲ್ಲಿ ಸಲಾಕೆ ಬ್ರೇಕಿನ ಸೈಕಲಿನಲ್ಲಿ ಎರಡು ಚೀಲ ಅಕ್ಕಿ ಹೇರಿಕೊಂಡು ಹೋಗುತ್ತಿದ್ದೆವು. ಕೈ ಚಿಕ್ಕದು ದೊಡ್ಡದು ಎಂದು ಯಾರೂ ಅಳೆಯಲಿಲ್ಲ. ಈಗ ಸೈಕಲಿಗಿಂತ ಅದರ ಬಗೆಗಿನ ಮಾತೇ ಭಾರ.

ಕೀಲುಕೋನ, ಹುಬ್ಬಳ್ಳಿ

ಹಿರಿಯರೇ, ಆ ಸಲಾಕೆ ಬ್ರೇಕಿನ ಲಿವರ್ ಹಿಡಿಕೆಯ ಕೆಳಗೇ ಉದ್ದಕ್ಕೂ ಇರುತ್ತಿತ್ತು. ನಾಲ್ಕೂ ಬೆರಳು ಸೇರಿಸಿ ಮುಷ್ಟಿ ಬಿಗಿದರೆ ಸಾಕಿತ್ತು. ಮಳೆಗಾಲದಲ್ಲಿ ಅದು ಎಷ್ಟು ನಿಲ್ಲುತ್ತಿತ್ತು ಎಂಬುದು ಬೇರೆ ಮಾತು. ರೋಡ್ ಬೈಕಿನ ತೊಂದರೆಯೇ ಬೇರೆ ಬಗೆಯದು, ಸ್ವಲ್ಪ ಲೆಕ್ಕ ಹೇಳುತ್ತೇನೆ.

ಲಿವರಿನ ಕೀಲು ಹುಡ್‌ನ ಮೇಲ್ಭಾಗದಲ್ಲಿದೆ. ಹುಡ್ ಮೇಲೆ ಕೈಯಿಟ್ಟಾಗ ಬೆರಳು ಬೀಳುವುದು ಆ ಕೀಲಿನ ಹತ್ತಿರ. ಬಾಗಿಲನ್ನು ಕೀಲಿನ ಪಕ್ಕದಲ್ಲಿ ತಳ್ಳಿದಂತೆ: ಎಷ್ಟು ಬಲ ಹಾಕಿದರೂ ಬಾಗಿಲು ಸೋಮಾರಿಯಾಗಿ ಸರಿಯುತ್ತದೆ. ಡ್ರಾಪ್ ಹಿಡಿದಾಗ ಬೆರಳು ಲಿವರಿನ ತುದಿಯ ಕಡೆ ಬೀಳುತ್ತದೆ. ಉದಾಹರಣೆಗೆ ಕೀಲಿನಿಂದ 4 ಸೆಂ.ಮೀ. ದೂರದಲ್ಲಿ ಎಳೆಯುವ ಬದಲು 8 ಸೆಂ.ಮೀ. ದೂರದಲ್ಲಿ ಎಳೆದರೆ ಅದೇ ಬ್ರೇಕಿಗೆ ಅರ್ಧ ಬಲ ಸಾಕು. ದೊಡ್ಡ ಕೈಯವರು ಹುಡ್ ಮೇಲಿಂದಲೇ ಎರಡು ಬೆರಳನ್ನು ಕೆಳಗೆ ಚಾಚುತ್ತಾರೆ, ಹಾಗಾಗಿ ಅವರಿಗೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಚಿಕ್ಕ ಕೈಯವರಿಗೆ ಕೀಲಿನ ಹತ್ತಿರ, ಅದೂ ಬೆರಳಿನ ತುದಿಯ ಗಿಣ್ಣಿನಿಂದ ಎಳೆಯುವ ಶಿಕ್ಷೆ. “ಅಭ್ಯಾಸವಾಗುತ್ತದೆ” ಎನ್ನುವ ಅಂಗಡಿಯವರ ಕೈ ಎಷ್ಟುದ್ದ ಇದೆ ಎಂದು ಒಮ್ಮೆ ನೋಡಿ.

ತೋರುಬೆರಳಿನ ಮೊದಲ ಗಿಣ್ಣಿನ ಗೆರೆಯಾದರೂ ಲಿವರನ್ನು ದಾಟಿ ಸುತ್ತಬೇಕು. ಅದು ಆಗುವವರೆಗೆ ಸ್ವಾಮಿಯವರು ಹೇಳಿದ ಸ್ಕ್ರೂ ಬಿಡಬೇಡಿ.

ಇನ್ನೊಂದು ಮಾತು. ಬೆರಳು ಹಾಕಿದ ಬಲದಲ್ಲಿ ಎಷ್ಟು ಪಾಲು ರಿಮ್ಮಿಗೆ ತಲುಪುತ್ತಿದೆ ಎಂಬುದನ್ನು ಯಾರೂ ಕೇಳುವುದಿಲ್ಲ. ತುಕ್ಕು ಹಿಡಿದ ಕೇಬಲ್, ತಿರುಚಿದ ಹೊರಕವಚ, ಗಾಜಿನಂತೆ ಗಟ್ಟಿಯಾದ ಹಳೆಯ ಪ್ಯಾಡ್, ಹಿಡಿದಾಗ ತಾನೇ ಬಾಗುವ ಅಗ್ಗದ ಕ್ಯಾಲಿಪರ್, ಇವೆಲ್ಲ ದಾರಿಯಲ್ಲೇ ಸುಂಕ ವಸೂಲಿ ಮಾಡುತ್ತವೆ. ಹೆಸರಿಲ್ಲದ ಕ್ಯಾಲಿಪರ್ ಎಂದು ಬರೆದಿದ್ದೀರಿ. ನನ್ನ ಮೊದಲ ಅನುಮಾನ ಅಲ್ಲಿಯೇ. ಮೇಲಿನ ದರ್ಜೆಯ ಡ್ಯೂರಾ-ಏಸ್ 7900 ತಲೆಮಾರಿನಿಂದ ಶಿಮಾನೊ ತನ್ನ ಲಿವರ್ ಎಳೆಯುವ ಕೇಬಲಿನ ಪ್ರಮಾಣವನ್ನು ಹೆಚ್ಚಿಸಿತು. ಕ್ಯಾಲಿಪರುಗಳೂ ಅದಕ್ಕೆ ಹೊಂದುವಂತೆ ಬದಲಾದವು. ಹೊಸ ಲಿವರಿಗೆ ಹಳೆಯ ಅಳತೆಯ ಕ್ಯಾಲಿಪರ್ ಜೋಡಿಸಿದರೆ ಪ್ಯಾಡ್ ಬೇಗ ರಿಮ್ ಮುಟ್ಟುತ್ತದೆ, ಆದರೆ ಹಿಡಿತಕ್ಕೆ ಹೆಚ್ಚು ಬಲ ಬೇಕು. ನಿಮ್ಮದು ಇದೇ ಜಾತಿಯದಾಗಿರಬಹುದು.

ಗೋಳಗುಮ್ಮಟ, ವಿಜಯಪುರ

ನಮ್ಮ ವಿಜಯಪುರ, ಬಾಗಲಕೋಟೆ ಕಡೆ ರಸ್ತೆ ಸೈಕ್ಲಿಂಗ್ ಎಂದರೆ ಹಳ್ಳಿ ಹುಡುಗಿಯರೂ ಸ್ಪರ್ಧೆಗೆ ಇಳಿಯುವ ಆಟ. ಹನ್ನೆರಡು ಹದಿಮೂರರ ಮಕ್ಕಳಿಗೆ ಕಲಿಸುತ್ತೇನೆ. ಅವರ ಕೈ ನಿಮ್ಮದಕ್ಕಿಂತ ಚಿಕ್ಕದು. ಸೈಕಲ್ ಬಹುಪಾಲು ದೊಡ್ಡವರು ಬಳಸಿ ಬಿಟ್ಟದ್ದು.

ಸಾಮಾನು ಹೊಂದಿಸುವುದರ ಜೊತೆಗೆ ನಾನು ಕಲಿಸುವುದು ಇಷ್ಟು. ಇಳಿಜಾರು ಶುರುವಾಗುವ ಮುಂಚೆಯೇ ಡ್ರಾಪ್ ಹಿಡಿಯಿರಿ, ವೇಗ ಬಂದ ಮೇಲೆ ಅಲ್ಲ. ಮೊಳಕೈ ಸಡಿಲವಿರಲಿ, ಎದೆ ತಗ್ಗಲಿ. ಹಾಗೆ ಮಾಡಿದರೆ ಕೈ ತಾನೇ ಡ್ರಾಪಿನ ಬಾಗಿನೊಳಗೆ ಮುಂದೆ ಹೋಗಿ ಕೂರುತ್ತದೆ, ಲಿವರ್ ಹತ್ತಿರವಾಗುತ್ತದೆ. ಅನೇಕರು ಡ್ರಾಪಿನ ಹಿಂದಿನ ನೇರ ತುದಿಯನ್ನು ಹಿಡಿದು ಲಿವರ್ ಸಿಗುವುದಿಲ್ಲ ಎನ್ನುತ್ತಾರೆ. ಅಲ್ಲಿಂದ ನನಗೂ ಸಿಗುವುದಿಲ್ಲ. ಇನ್ನು ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿದುಕೊಂಡೇ ಇಳಿಯಬೇಡಿ. ತಿರುವಿಗೆ ಮುಂಚೆ ನೇರ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿದು, ತಿರುವಿನಲ್ಲಿ ಬಿಡಿ. ಬೆರಳಿಗೆ ಬಿಡುವು, ರಿಮ್ಮಿಗೂ ಬಿಡುವು. ನಮ್ಮ ದೇಶದ ಸೈಕಲುಗಳಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್. ಹೆಚ್ಚು ನಿಲ್ಲಿಸುವುದು ಅದೇ, ಅದಕ್ಕೆ ಹೆದರಬೇಡಿ. ಹೆದರಿ ಎಡಗೈಯೊಂದನ್ನೇ ಹಿಸುಕುವ ಹುಡುಗಿಯರ ಎಡಗೈ ಮೊದಲು ನೋಯುತ್ತದೆ.

ಮಳೆನಾಡತಿ, ಮ್ಯಾಂಚೆಸ್ಟರ್

ಸಾಗರದವಳು, ಈಗ ಇಲ್ಲಿ ವರ್ಷವಿಡೀ ಮಳೆಯಲ್ಲಿ ಸೈಕಲ್ ಓಡಿಸುತ್ತೇನೆ. ನನ್ನ ಕೈಯೂ ಇಷ್ಟೇ. ಹೊಸ ಸೈಕಲ್ ಕೊಳ್ಳುವ ಯೋಚನೆ ಇರುವವರಿಗಾಗಿ ಬರೆಯುತ್ತಿದ್ದೇನೆ, ಏಕೆಂದರೆ ಇದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ.

ಶಿಮಾನೊದ 105 ಎಂಬ ದರ್ಜೆಯ ಹನ್ನೊಂದು ಗೇರಿನ ತಲೆಮಾರಿನಲ್ಲಿ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ (ಗಾಲಿಯ ನಡುವಿನ ತಟ್ಟೆಯನ್ನು ಎಣ್ಣೆಯ ಒತ್ತಡದಿಂದ ಹಿಡಿಯುವುದು) ಎರಡು ಲಿವರ್ ಇದ್ದವು: ಎಲ್ಲರಿಗೂ ಕೊಡುವ ಆರ್7020, ಚಿಕ್ಕ ಕೈಗೆಂದೇ ಮಾಡಿದ ಆರ್7025. ಕೆಲಸ ಎರಡರದೂ ಒಂದೇ. ಎರಡನೆಯದರಲ್ಲಿ ಲಿವರ್ ಹ್ಯಾಂಡಲಿಗೆ ಹತ್ತಿರವೇ ಕೂರುತ್ತದೆ. ಟಿಯಾಗ್ರಾದಲ್ಲೂ 4720ರ ಜೊತೆಗೆ 4725 ಎಂಬ ಚಿಕ್ಕ ಕೈಯ ಲಿವರ್ ಇದೆ. ಸೈಕಲ್ ತಯಾರಕರು ಮಾತ್ರ ಅತಿ ಚಿಕ್ಕ ಫ್ರೇಮಿಗೂ ದೊಡ್ಡ ಲಿವರನ್ನೇ ಹಾಕಿ ಕಳಿಸುವುದುಂಟು. ಕೊನೆಯ ಅಂಕಿ ಸೊನ್ನೆಯೋ ಐದೋ ಎಂದು ಲಿವರಿನ ಮೇಲೆಯೇ ನೋಡಿಕೊಳ್ಳಿ.

ಹೈಡ್ರಾಲಿಕ್‌ನ ಸುಖ ಹೇಳತೀರದು. ಹುಡ್ ಮೇಲಿಂದ ಒಂದೇ ಬೆರಳಿನಲ್ಲಿ, ಮಳೆಯಲ್ಲಿ, ಇಳಿಜಾರಿನಲ್ಲಿ ನಿಲ್ಲಿಸುತ್ತೇನೆ. ಆದರೆ ಲಿವರಿನೊಳಗೆ ಎಣ್ಣೆಯ ಸಿಲಿಂಡರ್ ಇರುವುದರಿಂದ ಕೆಲವು ಹುಡ್‌ಗಳು ದಪ್ಪ, ಎತ್ತರ. ಮೊದಲ ತಲೆಮಾರಿನ ಆರ್‌ಎಸ್505 ಹಿಡಿದಾಗ ನನ್ನ ಹೆಬ್ಬೆರಳು ಇನ್ನೊಂದು ಬದಿ ಮುಟ್ಟಲೇ ಇಲ್ಲ. ಹಾಗಾಗಿ ಲಿವರ್ ದೂರವಷ್ಟನ್ನೇ ನೋಡಬೇಡಿ. ಹುಡ್‌ನ ಸುತ್ತಳತೆಯನ್ನೂ ಮುಷ್ಟಿಯಲ್ಲಿ ಹಿಡಿದು ನೋಡಿ.

ಮತ್ತು ಪುಟ್ಟಗಾಲಿ ಅವರೇ, ನಿಮ್ಮ ಈಗಿನ ಫ್ರೇಮಿಗೆ ಇದು ಆಗುವುದಿಲ್ಲ. ಡಿಸ್ಕ್ ಕ್ಯಾಲಿಪರ್ ಕೂರಿಸಲು ಫ್ರೇಮಿನಲ್ಲಿ, ಫೋರ್ಕಿನಲ್ಲಿ ಜಾಗವಿರಬೇಕು. ರಿಮ್ ಬ್ರೇಕಿನ ಫ್ರೇಮನ್ನು ಡಿಸ್ಕಿಗೆ ಬದಲಾಯಿಸಿ ಕೊಡುತ್ತೇನೆ ಎನ್ನುವವರು ಸಿಕ್ಕರೆ ನಮಸ್ಕಾರ ಹಾಕಿ ಹೊರಟುಬಿಡಿ.

ಸ್ಪ್ಯಾನರ್‌ಸ್ವಾಮಿ, ಮೈಸೂರು

ಡಿಸ್ಕ್ ಫ್ರೇಮ್ ಇದ್ದೂ ಕೇಬಲ್ ಶಿಫ್ಟರ್ ಇರುವವರಿಗೆ ಒಂದು ನಡುದಾರಿ ಇದೆ. ಟಿಆರ್‌ಪಿ ಕಂಪನಿಯ ಎಚ್‌ವೈ-ಆರ್‌ಡಿ ಎಂಬ ಕ್ಯಾಲಿಪರಿನಲ್ಲಿ ಎಣ್ಣೆಯ ಸಿಲಿಂಡರ್ ಕ್ಯಾಲಿಪರಿನಲ್ಲೇ ಇರುತ್ತದೆ, ಲಿವರಿನಿಂದ ಅಲ್ಲಿಯವರೆಗೆ ಮಾಮೂಲಿ ಕೇಬಲ್. ಹುಡ್ ಸಣ್ಣದಾಗಿಯೇ ಉಳಿಯುತ್ತದೆ, ಹೈಡ್ರಾಲಿಕ್ ಹಿಡಿತದ ದೊಡ್ಡ ಪಾಲು ಸಿಗುತ್ತದೆ. ಡೆಕಾತ್ಲಾನ್‌ನ ಟ್ರೈಬನ್ ಆರ್‌ಸಿ520 ಇದೇ ಕ್ಯಾಲಿಪರಿನೊಂದಿಗೆ ಬಂದಿತ್ತು, ಹಾಗಾಗಿ ನಮ್ಮ ಮೆಕ್ಯಾನಿಕ್‌ಗಳ ಕೈಗೆ ಪರಿಚಯವಿದೆ.

ವೇಗದೂತ, ಬೆಂಗಳೂರು

ನನ್ನನ್ನು ಎಲ್ಲರೂ ತಳ್ಳಿಹಾಕಿದಿರಿ, ಆದರೂ ಹೇಳುತ್ತೇನೆ. ಹೈಡ್ರಾಲಿಕ್ ಡಿಐ2 ಲಿವರಿನಲ್ಲಿ ಗೇರ್ ಬದಲಿಸುವ ಯಂತ್ರಭಾಗವೇ ಇಲ್ಲ, ಆದ್ದರಿಂದ ಹುಡ್ ಸಣ್ಣದು. ಸ್ರ್ಯಾಮ್ 2021ರಲ್ಲಿ ತಂದ ರೈವಲ್ ಎಎಕ್ಸ್‌ಎಸ್ ಎಲೆಕ್ಟ್ರಾನಿಕ್ ಲಿವರಿನ ಹುಡ್ ಅದೇ ಕಾಲದ, ಮೇಲಿನ ದರ್ಜೆಯ ಫೋರ್ಸ್, ರೆಡ್‌ಗಿಂತ ಸಪೂರ. ಬೆಲೆ ಕಡಿಮೆಯಿರುವುದೇ ಚಿಕ್ಕ ಕೈಗೆ ಹೆಚ್ಚು ಒಗ್ಗುತ್ತದೆ ಎಂಬುದು ಅಪರೂಪದ ಸುದ್ದಿ.

ಕೀಲುಕೋನ, ಹುಬ್ಬಳ್ಳಿ

ಒಪ್ಪಿದೆ. ಆದರೆ 105 ಡಿಐ2 ಆಗಲಿ ರೈವಲ್ ಎಎಕ್ಸ್‌ಎಸ್ ಆಗಲಿ ಡಿಸ್ಕಿಗೆ ಮಾತ್ರ. ರಿಮ್ ಬ್ರೇಕಿನವರಿಗೆ ಎಲೆಕ್ಟ್ರಾನಿಕ್ ಬೇಕೆಂದರೆ ಅಲ್ಟೆಗ್ರಾದಂಥ ಮೇಲಿನ ದರ್ಜೆಗೆ ಹೋಗಬೇಕು. ಆ ದುಡ್ಡಿನಲ್ಲಿ ಅವರು ಇನ್ನೊಂದು ಸೈಕಲನ್ನೇ ತಂದುಕೊಳ್ಳಬಹುದು.

ಕೇಬಲ್ ಶಿಫ್ಟರುಗಳ ಒಳಗೂ ಕಂಪನಿಯಿಂದ ಕಂಪನಿಗೆ ಕೈಗೆ ಬೇರೆ ಬೇರೆ ಕೆಲಸ. 1990ರಲ್ಲಿ ಡ್ಯೂರಾ-ಏಸ್‌ನೊಂದಿಗೆ ಬಂದ ಶಿಮಾನೊ ಎಸ್‌ಟಿಐ ಪದ್ಧತಿಯಲ್ಲಿ ಬ್ರೇಕ್ ಲಿವರನ್ನೇ ಅಡ್ಡಕ್ಕೆ ತಳ್ಳಿ ದೊಡ್ಡ ಹಲ್ಲುಚಕ್ರಕ್ಕೆ ಏರಿಸುತ್ತೇವೆ; ಉದ್ದ ಬೆರಳಿದ್ದವರಿಗೆ ಸಲೀಸು. ಕ್ಯಾಂಪನ್ಯೋಲೊ 1992ರಲ್ಲಿ ತಂದ ಎರ್ಗೊಪವರಿನಲ್ಲಿ ಬ್ರೇಕ್ ಲಿವರ್ ಅಲುಗದು. ಹಿಂದಿನ ಪಟ್ಟಿಯಿಂದ ಏರಿಕೆ, ಹೆಬ್ಬೆರಳಿನ ಗುಂಡಿಯಿಂದ ಇಳಿಕೆ. ಕೇಬಲ್ ಬ್ರೇಕಿನ ಅದರ ಹುಡ್ ತೆಳ್ಳಗಿದೆ, ನನ್ನ ತಂಗಿ ಅದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ. ಆದರೆ ನಮ್ಮ ಊರುಗಳಲ್ಲಿ ಬಿಡಿಭಾಗ ಹುಡುಕಿ ನೋಡಿ, ಆಮೇಲೆ ಮಾತನಾಡೋಣ. ಸ್ರ್ಯಾಮ್ ಡಬಲ್‌ಟ್ಯಾಪಿನಲ್ಲಿ ಒಂದೇ ಪಟ್ಟಿ: ಬಲಗೈಯಲ್ಲಿ ಚಿಕ್ಕ ಒತ್ತಿಗೆ ಒಂದು ದಿಕ್ಕು, ದೂರ ತಳ್ಳಿದರೆ ಇನ್ನೊಂದು ದಿಕ್ಕು. ಅದರ ಫೋರ್ಸ್, ರೈವಲ್ ಕೇಬಲ್ ಲಿವರುಗಳಲ್ಲಿ ಬ್ರೇಕನ್ನೂ ಗೇರ್ ಪಟ್ಟಿಯನ್ನೂ ಬೇರೆ ಬೇರೆಯಾಗಿ ಹತ್ತಿರ ತರಬಹುದು. ಚಿಕ್ಕ ಕೈಗೆ ಇದು ದೊಡ್ಡ ಉಪಕಾರ. ಮೈಕ್ರೊಶಿಫ್ಟಿನಲ್ಲೂ ಬ್ರೇಕ್ ಲಿವರ್ ಅಡ್ಡಕ್ಕೆ ತಿರುಗುವುದಿಲ್ಲ, ಎರಡು ಪ್ರತ್ಯೇಕ ಪಟ್ಟಿಗಳಿವೆ, ಬೆಲೆಯೂ ಕೈಗೆಟುಕುತ್ತದೆ.

ಗುಜರಿಪ್ರಿಯ, ಶಿವಮೊಗ್ಗ

ಶಿಮಾನೊ ಹಿಂದೆ ಎಸ್‌ಟಿ-ಆರ್700 ಎಂಬ ಲಿವರ್ ಮಾಡಿತ್ತು, ಹತ್ತು ಗೇರಿನದು, ಚಿಕ್ಕ ಕೈಗೆಂದೇ. ಬಳಸಿದ ಸಾಮಾನಿನ ಮಾರುಕಟ್ಟೆಯಲ್ಲಿ ಆಗಾಗ ಕಾಣುತ್ತದೆ. ನಿಮ್ಮದೂ ಹತ್ತು ಗೇರ್. ಹೇಳಿ ಮಾಡಿಸಿದಂತಿದೆ.

ಸ್ಪ್ಯಾನರ್‌ಸ್ವಾಮಿ, ಮೈಸೂರು

ದಯವಿಟ್ಟು ಬೇಡ. ಎರಡೂ ಹತ್ತು ಗೇರ್ ನಿಜ, ಆದರೆ ಟಿಯಾಗ್ರಾ 4700 ಕೇಬಲ್ ಎಳೆಯುವ ಲೆಕ್ಕ ಹನ್ನೊಂದು ಗೇರಿನ ಅಣ್ಣಂದಿರದು. ಹಿಂದಿನ ಹತ್ತು ಗೇರಿನ ಲಿವರನ್ನು 4700 ಡಿರೇಲಿಯರಿಗೆ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಕಟ್ಟಿದರೆ ಒಂದೆರಡು ಗೇರ್ ಸರಿ ಬಿದ್ದು ಉಳಿದವು ಕಟಕಟ ಎನ್ನುತ್ತವೆ. ಆರ್700 ಹಾಕಬೇಕಾದರೆ ಡಿರೇಲಿಯರುಗಳೂ ಆ ಕಾಲದ್ದೇ ಬೇಕು.

ಗುಜರಿಪ್ರಿಯರ ದಾರಿಯಲ್ಲೇ ಹೋಗುವುದಾದರೆ ಇನ್ನೊಂದು ಉಪಾಯ ಇದೆ. ಗೇರ್ ಇಲ್ಲದ ಬರಿಯ ಬ್ರೇಕ್ ಲಿವರ್ ಹಾಕಿ, ಗೇರನ್ನು ಹ್ಯಾಂಡಲಿನ ತುದಿಗೆ ಸಿಕ್ಕಿಸುವ ಶಿಫ್ಟರಿಗೆ ಒಯ್ಯುವುದು. ಟೆಕ್ಟ್ರೊ ಆರ್‌ಎಲ್340 ಮಾಮೂಲಿ, ಆರ್‌ಎಲ್341 ಚಿಕ್ಕ ಕೈಯದು. ಕೇನ್ ಕ್ರೀಕ್‌ನ ಎಸ್‌ಸಿಆರ್-5ಸಿ ಕೂಡ ಅದೇ ಉದ್ದೇಶದ್ದು. ದೂರ ಪ್ರವಾಸ ಮಾಡುವವರು ಇದನ್ನು ಇಷ್ಟಪಡುತ್ತಾರೆ. ಗೇರ್ ಬದಲಿಸಲು ಪ್ರತಿ ಸಲ ಕೈ ಸರಿಸಬೇಕು, ಬೆಂಗಳೂರಿನ ಸಂಚಾರದಲ್ಲಿ ಅದು ಎಲ್ಲರಿಗೂ ಹಿಡಿಸದು.

ಮಣಿಕಟ್ಟು, ಮಂಗಳೂರು

ನಾನು ಫಿಸಿಯೋಥೆರಪಿಸ್ಟ್. ಸಾಮಾನಿನ ಚರ್ಚೆಯಲ್ಲಿ ನೋವಿನ ಮಾತು ಹಾರಿಹೋಯಿತು. ಹೆಬ್ಬೆರಳಿನ ಬುಡದಿಂದ ಮೊಳಕೈ ಕಡೆಗೆ ಸೆಳೆತ ಎಂದಿರಿ. ಹೆಬ್ಬೆರಳನ್ನು ಎಳೆಯುವ ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಉರಿಯೂತಕ್ಕೆ ಒಳಗಾದಾಗ ಹೀಗಾಗುವುದುಂಟು. ಶಿಫ್ಟ್ ಮಾಡಲು ಮಣಿಕಟ್ಟನ್ನು ಮತ್ತೆ ಮತ್ತೆ ತಿರುಚುವುದು ಅದಕ್ಕೆ ಒಳ್ಳೆಯದಲ್ಲ. ಉಂಗುರ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಅದು ಬೇರೆ: ಅಂಗೈಯ ಹೊರಬದಿಯಲ್ಲಿ ಹಾದುಹೋಗುವ ನರದ ಮೇಲೆ ಭಾರ ಬೀಳುತ್ತಿದೆ ಎಂದರ್ಥ, ಹ್ಯಾಂಡಲ್ ತೀರ ತಗ್ಗಿನಲ್ಲೋ ದೂರದಲ್ಲೋ ಇದ್ದಾಗ ಹೆಚ್ಚು. ಸೈಕಲ್ ಇಳಿದು ಒಂದೆರಡು ಗಂಟೆಯಲ್ಲಿ ಹೋಗುವ ಜೋಮಿಗೆ ಸ್ಪ್ಯಾನರ್ ಸಾಕು. ಮರುದಿನವೂ ಇದ್ದರೆ, ಅಥವಾ ಬಾಟಲಿಯ ಮುಚ್ಚಳ ತಿರುಗಿಸಲು ಕಷ್ಟವಾದರೆ, ವೈದ್ಯರಿಗೆ ತೋರಿಸಿ. ದಪ್ಪ ಮೆತ್ತೆಯ ಕೈಗವಸು ಚಿಕ್ಕ ಕೈಗೆ ಕೇಡು: ಬೆರಳುಗಳ ನಡುವಿನ ಬಟ್ಟೆ, ಅಂಗೈಯ ಮೆತ್ತೆ ಎರಡೂ ಸೇರಿ ಇರುವ ಉದ್ದವನ್ನೂ ಕದಿಯುತ್ತವೆ.

ಪುಟ್ಟಗಾಲಿ, ಬೆಂಗಳೂರು

ಎಲ್ಲರಿಗೂ ಧನ್ಯವಾದ. ಹೊಸ ಶಿಫ್ಟರ್ ಕೊಳ್ಳಲಿಲ್ಲ. ಏನೇನು ಮಾಡಿದೆ, ಏನಾಯಿತು ಎಂದು ಹೇಳುತ್ತೇನೆ.

ಹ್ಯಾಂಡಲ್ ಅಳೆದು ನೋಡಿದರೆ ರೀಚ್ 90 ಮಿ.ಮೀ. ಹತ್ತಿರ, ಅಗಲ 42 ಸೆಂ.ಮೀ.; ನನ್ನ ಭುಜಕ್ಕೆ ಯಾವ ಲೆಕ್ಕದಲ್ಲೂ ಸಲ್ಲದ್ದು. 70 ಮಿ.ಮೀ. ರೀಚಿನ 38 ಸೆಂ.ಮೀ. ಹ್ಯಾಂಡಲ್ ಹಾಕಿಸಿದೆ. ಟೇಪ್ ಬಿಚ್ಚಿದ್ದರಿಂದ ಲಿವರುಗಳನ್ನೂ ಸ್ವಲ್ಪ ಮೇಲೆ ಕೂರಿಸಿದರು. ರೀಚ್ ಸ್ಕ್ರೂವನ್ನು ಲಿವರ್ ಹ್ಯಾಂಡಲಿಗೆ ಬಡಿಯದ ಮಟ್ಟಿಗೆ ಒಳಗೆ ತಂದೆವು. ಕೀಲುಕೋನರ ಅನುಮಾನ ನಿಜವಾಗಿತ್ತು: ಕ್ಯಾಲಿಪರ್ ಹಿಡಿದಾಗ ಅದರ ತೋಳು ಬಾಗುವುದು ಕಣ್ಣಿಗೇ ಕಾಣುತ್ತಿತ್ತು. ಅದರ ಜಾಗಕ್ಕೆ ಟಿಯಾಗ್ರಾ ಕ್ಯಾಲಿಪರ್, ಹೊಸ ಕೇಬಲ್, ಕೂಲ್-ಸ್ಟಾಪಿನ ಕಿತ್ತಳೆಗೆಂಪು ಪ್ಯಾಡ್ ಬಂದವು.

ಈಗ ಡ್ರಾಪಿನಲ್ಲಿ ಎರಡು ಬೆರಳು ಲಿವರನ್ನು ಸುತ್ತುತ್ತವೆ. ನಂದಿ ಇಳಿದೆ, ವೇಗ ನನ್ನ ಹಿಡಿತದಲ್ಲಿತ್ತು, ಹಿಂದಿನವರಿಗೆ ದಾರಿ ಬಿಟ್ಟುಕೊಡಬೇಕಾಗಲಿಲ್ಲ ಎಂದರೆ ಸುಳ್ಳಾದೀತು, ಆದರೆ ಹೆದರಿಕೆಯಿಂದ ಬಿಡಲಿಲ್ಲ. ಹುಡ್ ಮೇಲಿಂದ ಬ್ರೇಕ್ ಈಗಲೂ ಅಷ್ಟಕ್ಕಷ್ಟೇ. ಎಡಗೈಯ ಗೇರ್ ಮಾತ್ರ ಹಾಗೆಯೇ ಇದೆ, ದೊಡ್ಡ ರಿಂಗಿಗೆ ಏರಿಸುವಾಗ ಮಣಿಕಟ್ಟು ಬೈಯುತ್ತದೆ. ಅದಕ್ಕೇನು ಮಾಡಲಿ?

ವೇಗದೂತ, ಬೆಂಗಳೂರು

ನನ್ನ ಉತ್ತರ ನಿಮಗೆ ಗೊತ್ತಿದೆ.

ಗುಜರಿಪ್ರಿಯ, ಶಿವಮೊಗ್ಗ

ಮುಂದಿನ ರಿಂಗುಗಳನ್ನು ತೆಗೆದು ಒಂದೇ ರಿಂಗ್ ಹಾಕಿಬಿಡಿ. 38 ಹಲ್ಲಿನದು ಸಾಕು. ಟಿಯಾಗ್ರಾದ ಉದ್ದ ಪಂಜರದ ಡಿರೇಲಿಯರ್ ಹಿಂದೆ 34 ಹಲ್ಲಿನವರೆಗೆ ತಡೆದುಕೊಳ್ಳುತ್ತದೆ. ಎಡಗೈಗೆ ಗೇರಿನ ಕೆಲಸವೇ ಇಲ್ಲ.

ಗೋಳಗುಮ್ಮಟ, ವಿಜಯಪುರ

ಈಗಿನ ಅತಿ ಹಗುರ ಗೇರ್ ಮುಂದೆ 34, ಹಿಂದೆ 34 ಹಲ್ಲು ಆಗಿದ್ದರೆ ಅದನ್ನು ಮುಂದೆ 38, ಹಿಂದೆ 34 ಮಾಡಿ ನಂದಿಯ ಕೊನೆಯ ಏರು ಹತ್ತುವಾಗ ಮೊಣಕಾಲು ಬೈಯುತ್ತದೆ. ಮಣಿಕಟ್ಟಿನ ನೋವನ್ನು ಮೊಣಕಾಲಿಗೆ ವರ್ಗಾವಣೆ ಮಾಡಿದಂತಾಯಿತು. ಬಯಲಿನವರಿಗೆ ಸರಿ, ನಮ್ಮಲ್ಲಿ ನಡೆಯುತ್ತದೆ. ಬೆಟ್ಟ ಹತ್ತುವವರಿಗೆ ಅವಸರ ಬೇಡ.

ಸ್ಪ್ಯಾನರ್‌ಸ್ವಾಮಿ, ಮೈಸೂರು

ಅದಕ್ಕೂ ಮೊದಲು ಮುಂದಿನ ಡಿರೇಲಿಯರಿನ ಕೇಬಲ್ ಬಿಚ್ಚಿ, ಖಾಲಿ ಲಿವರನ್ನು ತಳ್ಳಿ ನೋಡಿ. ಹಗುರವಾಗಿದ್ದರೆ ತೊಂದರೆ ಕೆಳಗಿದೆ. ಕೇಬಲನ್ನು ಕಚ್ಚುವ ಬೋಲ್ಟಿನ ತಪ್ಪು ಬದಿಗೆ ಸಿಕ್ಕಿಸಿದ್ದರೆ ತೋಳಿನ ಉದ್ದ ಕಡಿಮೆಯಾದಂತಾಗಿ ಲಿವರ್ ಭಾರವಾಗುತ್ತದೆ; ಬಳಸಿದ ಸೈಕಲುಗಳಲ್ಲಿ ಇದನ್ನು ಬಹಳ ಕಂಡಿದ್ದೇನೆ. ಪೆಡಲ್ ಗೂಡಿನ ಕೆಳಗೆ ಕೇಬಲ್ ಹಾದುಹೋಗುವ ಪ್ಲಾಸ್ಟಿಕ್ ತುಂಡಿನಲ್ಲಿ ಮಣ್ಣು ಕಟ್ಟಿರುತ್ತದೆ, ತೊಳೆಯಿರಿ. ಕೇಬಲ್ ಅಗತ್ಯಕ್ಕಿಂತ ಬಿಗಿಯಾಗಿದ್ದರೂ ಭಾರವೇ. ಇನ್ನು ಏರಿಸುವಾಗ ಪೆಡಲಿನ ಮೇಲಿನ ಒತ್ತಡವನ್ನು ಒಂದು ಸುತ್ತು ಸಡಿಲಿಸಿ, ಬೆರಳಿನಿಂದಲ್ಲ, ಅಂಗೈ ಸಮೇತ ತಳ್ಳಿ. ಇಷ್ಟಾದರೂ ಭಾರವಿದ್ದರೆ ಮೈಸೂರಿಗೆ ಬನ್ನಿ, ಚಹಾ ನನ್ನದು.

ಹೈಸ್ಕೂಲುಮೇಷ್ಟ್ರು, ಶಿರಸಿ

ರೋಡ್ ಬೈಕ್ ಅಲ್ಲ, ಆದರೂ ಕೇಳುತ್ತೇನೆ. ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗಿಯರು ನೇರ ಹ್ಯಾಂಡಲಿನ ಸಾಧಾರಣ ಸೈಕಲಿನಲ್ಲಿ ಘಟ್ಟದ ರಸ್ತೆಯಲ್ಲಿ ಬರುತ್ತಾರೆ. ಬ್ರೇಕ್ ಲಿವರ್ ಹಿಡಿಕೆಯಿಂದ ದೂರ, ಚಿಕ್ಕ ಬೆರಳಿಗೆ ನಿಲುಕುವುದಿಲ್ಲ. ಕಾಲು ಊರಿ ನಿಲ್ಲಿಸುತ್ತಾರೆ. ಏನಾದರೂ ಮಾಡಬಹುದೆ?

ಸ್ಪ್ಯಾನರ್‌ಸ್ವಾಮಿ, ಮೈಸೂರು

ಮೇಷ್ಟ್ರೇ, ಮಾಡಬಹುದು, ಖರ್ಚೂ ಇಲ್ಲ. ಮೊದಲು ಲಿವರಿನ ಬುಡದಲ್ಲಿ ಚಿಕ್ಕ ಸ್ಕ್ರೂ ಇದೆಯೇ ನೋಡಿ. ಇದ್ದರೆ ಒಳಕ್ಕೆ ತಿರುಗಿಸಿದಷ್ಟೂ ಲಿವರ್ ಹತ್ತಿರ ಬರುತ್ತದೆ. ಇಲ್ಲದಿದ್ದರೆ ಲಿವರ್ ಹಿಂದಿರುಗಿ ಬಂದು ಒರಗುವ ಜಾಗದಲ್ಲಿ ಗಟ್ಟಿ ರಬ್ಬರಿನ ತುಂಡನ್ನು ಅಂಟಿಸಿ ಭದ್ರವಾಗಿ ಕೂರಿಸಿ, ಕಳಚಿ ಬೀಳುವಂತಿರಬಾರದು. ಲಿವರ್ ಪೂರ್ತಿ ಹೊರಗೆ ಹೋಗುವುದಿಲ್ಲ. ಆಮೇಲೆ ಸಡಿಲಾದ ಕೇಬಲನ್ನು ಎಳೆದು ಬಿಗಿಯಿರಿ. ಕೊನೆಗೆ ದೊಡ್ಡವರು ಲಿವರನ್ನು ಪೂರ್ತಿ ಬಲದಿಂದ ಹಿಸುಕಿ ನೋಡಬೇಕು: ಹಿಡಿಕೆಗೆ ತಾಗುವ ಮುಂಚೆ ಚಕ್ರ ಗಟ್ಟಿಯಾಗಿ ನಿಲ್ಲಲೇಬೇಕು. ಎರಡೂ ಬ್ರೇಕ್ ಪರೀಕ್ಷಿಸದೆ ಮಕ್ಕಳ ಕೈಗೆ ಸೈಕಲ್ ಕೊಡಬೇಡಿ.

ಹಳೆಯಅಟ್ಲಾಸ್, ದಾವಣಗೆರೆ

ಮೇಷ್ಟ್ರೇ, ರಬ್ಬರಿಗೆ ಹಳೆಯ ಟೈರಿನ ತುಂಡು ಚೆನ್ನಾಗಿ ಕೂರುತ್ತದೆ. ಟ್ಯೂಬಿನದು ಬೇಡ, ಮೆತ್ತಗಾಗುತ್ತದೆ.

ಪುಟ್ಟಗಾಲಿ, ಬೆಂಗಳೂರು

ಸ್ವಾಮಿಯವರೇ, ಕೇಬಲ್ ಬೋಲ್ಟಿನ ತಪ್ಪು ಬದಿಯಲ್ಲೇ ಇತ್ತು. ಈಗ ಮೊದಲಿಗಿಂತ ಹಗುರ, ಇನ್ನೂ ಮಧುರವಲ್ಲ. ಒಂದು ರಿಂಗಿನ ಯೋಚನೆ ಸದ್ಯಕ್ಕೆ ಬೇಡ.

ಅಂದಹಾಗೆ ತೆಗೆದುಹಾಕಿದ 42 ಸೆಂ.ಮೀ. ಹ್ಯಾಂಡಲ್ ಮನೆಯಲ್ಲಿ ಧೂಳು ತಿನ್ನುತ್ತಿದೆ. ಅಲ್ಯೂಮಿನಿಯಂ, ಗೀರು ಬಿಟ್ಟರೆ ಸರಿಯಾಗಿದೆ. ಅಗಲ ಭುಜದವರು, ಉದ್ದ ಕೈಯವರು ಯಾರಾದರೂ ಬೇಕಿದ್ದರೆ ಉಚಿತವಾಗಿ ಒಯ್ಯಬಹುದು.

ವೇಗದೂತ, ಬೆಂಗಳೂರು

ನನಗೆ ಬೇಕು. ಸ್ಟೆಮ್ ಹಿಡಿಯುವ ಜಾಗದ ದಪ್ಪ ಎಷ್ಟು?

ಪುಟ್ಟಗಾಲಿ, ಬೆಂಗಳೂರು

31.8 ಮಿ.ಮೀ. ನಿಮ್ಮ ಸ್ಟೆಮ್ ಅಳತೆ ನೋಡಿಕೊಂಡು ಬನ್ನಿ. ಹಳೆಯ 26 ಮಿ.ಮೀ.ನದಾದರೆ ಕೂರುವುದಿಲ್ಲ. ಶನಿವಾರ ಸಂಜೆ ಮನೆಯಲ್ಲಿರುತ್ತೇನೆ.